ಸಣ್ಣ ಊರುಗಳ ಸೀಮೆಯೂ ಅದರ ರಕ್ಷಣೆಯೂ

ಸವಣೂರಿನ ದೊಡ್ಡಹುಣಸೆ ಮಠದ ಆವರಣದೊಳಗಿನ ಮೂರು ಮಹಾವೃಕ್ಷಗಳ ಹೆಸರನ್ನು ಕೇಳದವರು ಈ ಸೀಮೆಯಲ್ಲಿ ವಿರಳ. ಜನರು ಅವುಗಳನ್ನು ಹುಣಸೆಯೆಂದು ಕರೆಯುವದು ವಾಡಿಕೆಯಾದರೂ ಅವು ಹುಣಸೆಯ ಜಾತಿಯವುಗಳಲ್ಲ. ಆಫ್ರಿಕಾ ಖಂಡದ ಬಾವೋಬಾಬ ಎಂಬ ಜಾತಿಯವು. 2023ನೆಯ ಇಸವಿಯ ಜುಲೈ ತಿಂಗಳಲ್ಲಿ ಅವುಗಳೊಳಗೊಂದು ಬುಡಸಮೇತವಾಗಿ ನೆಲಕ್ಕುರುಳಿತು. ಅದನ್ನು ಕೊಡಲಿಗೆ ಒಪ್ಪಿಸದೆ ಯಂತ್ರಗಳ ಸಹಾಯದಿಂದ ಮತ್ತೆ ಎತ್ತಿ ನಿಲ್ಲಿಸಲಾಯಿತು. ಒಂದು ಮರಕ್ಕಾಗಿ ಇಷ್ಟು ಪ್ರಯಾಸಪಟ್ಟದ್ದು ಯೋಗ್ಯವೇ ಆಯಿತು. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಊರುಗಳಲ್ಲಿ ಕೆರೆಗೆ ನೀರು ತರುವ ಸಣ್ಣ ಕಾಲುವೆಗಳು ಪ್ರತಿ ಬೇಸಿಗೆಯಲ್ಲಿಯೂ ಒಂದೊಂದಾಗಿ ನೇಗಿಲಿನ ಬಾಯಿಗೆ ಸಿಕ್ಕು ಅಳಿಯುತ್ತಿರುವವು. ಅವು ಬಿದ್ದಾಗ ಸಪ್ಪಳವಾಗುವದಿಲ್ಲ. ಆದಕಾರಣ ಎತ್ತಿ ನಿಲ್ಲಿಸಲಿಕ್ಕೆ ಯಾರೂ ಬರುವದಿಲ್ಲ.

ಪುರಾತನ ಸಂಪತ್ತು ಎಂಬ ಮಾತು ಹೊರಟೊಡನೆಯೇ ಜನರ ಲಕ್ಷ್ಯವು ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಡೆಗೆ, ಬಂಕಾಪುರದ ಕೋಟೆಯೊಳಗಿನ ನಗರೇಶ್ವರನ ಕಂಬಗಳ ಕಡೆಗೆ ಹೋಗುವದು ಸಹಜವಾಗಿದೆ. ಅವು ಕಲ್ಲಿನವು, ಅವುಗಳಿಗೆ ಪ್ರಾಚ್ಯವಸ್ತು ಖಾತೆಯ ಕಾವಲಿದೆ, ಹಲಗೆಯಿದೆ, ಬೇಲಿಯಿದೆ. ಆ ಗುಡಿಗಳನ್ನು ಕಟ್ಟಿದವರಿಗೆ ಅನ್ನವನ್ನಿತ್ತ ಗದ್ದೆ, ಆ ಗದ್ದೆಗೆ ನೀರನ್ನಿತ್ತ ಕೆರೆ, ಆ ಕೆರೆಗೆ ಮಳೆಯನ್ನು ಕೂಡಿಸಿ ಕಳಿಸಿದ ಹುಲ್ಲುಗಾವಲು ಇವುಗಳಿಗೆ ಮಾತ್ರ ಯಾವ ಹಲಗೆಯೂ ಇಲ್ಲ. ಶಾಸನಗಳನ್ನು ಕೊರೆಯಿಸಿದ ಪೂರ್ವಿಕರಿಗೆ ಈ ಭೇದವಿದ್ದಂತೆ ತೋರುವದಿಲ್ಲ. ದೇವರಿಗೆ ಭೂಮಿಯನ್ನು ಬಿಡುವಾಗ ಅವರು ಮತ್ತರು, ಕಮ್ಮ ಎಂಬ ಅಳತೆಗಳನ್ನು ಹೇಳಿ ಅಷ್ಟಕ್ಕೇ ಸುಮ್ಮನಾಗದೆ, ಮೂಡಲಿಗೆ ಯಾವ ಕೆರೆ, ತೆಂಕಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ದಾರಿ, ಬಡಗಲಿಗೆ ಯಾವ ಕಲ್ಲು ಎಂಬುದನ್ನು ಸಹ ಅನೇಕ ಕಡೆಗಳಲ್ಲಿ ಬರೆಯಿಸಿದ್ದಾರೆ. ಸೀಮೆಯೇ ಊರಿನ ಶರೀರವೆಂಬುದು ಅವರ ತಿಳಿವಳಿಕೆಯಾಗಿತ್ತು.

ಈ ನಾಲ್ಕು ತಾಲೂಕುಗಳ ಭೂಮಿಯು ಒಂದೇ ತೆರನಾದುದಲ್ಲ. ಪಶ್ಚಿಮಕ್ಕೆ, ಮುಂಡಗೋಡಿನ ಅಡವಿಯ ಅಂಚಿಗೆ ಹತ್ತಿದ ಹಾನಗಲ್ಲಿನ ಊರುಗಳಲ್ಲಿ ಮಳೆ ಹೆಚ್ಚು; ಅಲ್ಲಿಂದ ಮೂಡಲಿಗೆ ಸವಣೂರಿನ ಎರೆಯ ಬೈಲಿಗೆ ಬರುಬರುತ್ತ ಅದು ಕಡಿಮೆಯಾಗುವದು. ಮಳೆಯ ಪ್ರಕಾರ ಊರಿನ ಆಕಾರವೂ ಬದಲಾಗುತ್ತದೆ. ಎರೆಯ ಸೀಮೆಯಲ್ಲಿ ಊರುಗಳು ದೊಡ್ಡವು, ಒಂದಕ್ಕೊಂದು ದೂರ. ಮನೆಗಳೆಲ್ಲ ಒಂದೇ ಕಡೆಗೆ ಒತ್ತಾಗಿ, ಸುತ್ತಲೂ ಬಯಲು ಹೊಲ. ಅರೆಮಲೆನಾಡಿನಲ್ಲಿ ಹಾಗಲ್ಲ. ಅಲ್ಲಿ ಎರಡು ದಿನ್ನೆಗಳ ನಡುವಿನ ತಗ್ಗೊಂದಿದ್ದರೆ ಅದಕ್ಕೊಂದು ಕೆರೆ, ಕೆರೆಯ ಕೆಳಗೆ ನಾಲ್ಕು ಪಟ್ಟಿ ಗದ್ದೆ, ಏರಿಯ ಪಕ್ಕಕ್ಕೆ ಹತ್ತಿಪ್ಪತ್ತು ಮನೆಗಳ ಒಂದು ಕೊಪ್ಪ. ಕೂಗಿದರೆ ಕೇಳುವಷ್ಟು ದೂರದಲ್ಲಿ ಮತ್ತೊಂದು ತಗ್ಗು, ಮತ್ತೊಂದು ಕೆರೆ, ಮತ್ತೊಂದು ಊರು. ಹಳೆಯ ಶಾಸನಗಳಲ್ಲಿ ಈ ಭಾಗಕ್ಕೆ ಪಾನುಂಗಲ್ಲು ಐನೂರು ಎಂಬ ಹೆಸರಿದೆ. ಆ ಸಂಖ್ಯೆಯ ಅರ್ಥದ ವಿಷಯಕ್ಕೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಸಣ್ಣ ಊರುಗಳು ಒತ್ತೊತ್ತಾಗಿ ಹರಡಿದ ಸೀಮೆಯನ್ನು ಕಣ್ಣಾರೆ ಕಂಡವರಿಗೆ ಆ ಹೆಸರು ಆಶ್ಚರ್ಯವನ್ನುಂಟುಮಾಡಲಾರದು. ಹಿರೇಕೆರೂರಂತೂ ತನ್ನ ಹೆಸರಿನಲ್ಲಿಯೇ ಹಿರಿಯ ಕೆರೆಯನ್ನು ಹೊತ್ತುಕೊಂಡಿದೆ.

ಈ ಕೆರೆಗಳು ಒಂಟಿಯಾದವುಗಳಲ್ಲ. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಯ ಅಂಗಳಕ್ಕೆ, ಅದರದು ಮುಂದಿನ ಊರಿನ ಕೆರೆಗೆ, ಹೀಗೆ ಸರಪಳಿಯ ಕೊಂಡಿಗಳಂತೆ ಅವು ಹಣೆದುಕೊಂಡಿವೆ. ಧರ್ಮಾ ನದಿಯಿಂದ ಹೊರಟ ಹಳೆಯ ಕಾಲುವೆಯು ಹಾನಗಲ್ಲ ತಾಲೂಕಿನಲ್ಲಿ ಹೀಗೆಯೇ ಕೆರೆಯಿಂದ ಕೆರೆಗೆ ನೀರನ್ನು ಮುಟ್ಟಿಸುತ್ತದೆ. ಮಾಸೂರಿನ ಹತ್ತರ ಕುಮುದ್ವತಿ ನದಿಗೆ ಗುಡ್ಡಗಳ ಸಂದಿಯಲ್ಲಿ ಕಟ್ಟಿದ ಮದಗದ ಕೆರೆಯಂಥ ದೊಡ್ಡ ಕೆಲಸಗಳಿಗೆ ಅರಸರು ಬೇಕಾದರು. ಊರ ಕೆರೆಗಳಿಗೆ ಊರವರೇ ಸಾಕಾದರು. ವರ್ಷಕ್ಕೊಮ್ಮೆ ಹೂಳನ್ನೆತ್ತಿ ಅದನ್ನೇ ಹೊಲಕ್ಕೆ ಗೊಬ್ಬರವಾಗಿ ಹೇರುವದು, ಕೋಡಿಯ ಕಲ್ಲು ಸರಿದರೆ ಆಳಿಗೊಂದು ದಿನದಂತೆ ಬಂದು ಕೂಡ್ರಿಸುವದು, ಇವೆಲ್ಲ ಯಾವ ಕಾಗದದಲ್ಲಿಯೂ ಬರೆಯದ ಕಟ್ಟಳೆಗಳಾಗಿದ್ದವು.

ಕೂರಿಗೆಯ ಬತ್ತದ ಸಾಗುವಳಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೆನೆಯುವದು ಅವಶ್ಯವಿದೆ. ಯಾಕಂದರೆ ಈ ಸೀಮೆಯ ಭೂಮಿಯ ಕಟ್ಟೆಲ್ಲವೂ ಅದರ ಸಲುವಾಗಿಯೇ ಆದದ್ದು. ಘಟ್ಟದ ಕೆಳಗಿನವರಂತೆ ಸಸಿಮಡಿಯನ್ನು ಮಾಡಿ ಕೆಸರಿನಲ್ಲಿ ನಾಟಿ ಹಚ್ಚುವ ಪದ್ಧತಿಯು ಇಲ್ಲಿಯ ಮುಖ್ಯ ಪದ್ಧತಿಯಲ್ಲ. ಮುಂಗಾರಿನ ಮೊದಲ ಹದಕ್ಕೆ, ಹೊಲದಂತೆಯೇ ಹರಗಿದ ಒಣ ಗದ್ದೆಯಲ್ಲಿ, ಕೂರಿಗೆಯಿಂದ ಸಾಲು ಹಿಡಿದು ಬಿತ್ತುವರು. ಮೊಳಕೆ ಎದ್ದ ಮೇಲೆ ಎಡೆಕುಂಟೆ ಹೊಡೆದು ಕಳೆಯನ್ನು ಮುರಿಯುವರು. ಆಷಾಢದ ಮಳೆ ಜೋರಾದಾಗ ಬದುವಿನೊಳಗೆ ನೀರು ನಿಂತು, ಅಲ್ಲಿಯ ವರೆಗೆ ಹೊಲವಾಗಿದ್ದದ್ದು ಗದ್ದೆಯಾಗುವದು. ಕೆರೆಯ ನೀರಿನ ಕೆಲಸ ಬರುವದು ಕಟ್ಟಕಡೆಗೆ: ಹಸ್ತ, ಚಿತ್ತಿ ಮಳೆಗಳು ಕೈಕೊಟ್ಟು ತೆನೆ ಹಾಲುಗಟ್ಟುವ ಹೊತ್ತಿಗೆ ನೆಲ ಬಿರಿದರೆ ಆಗ ತೂಬನ್ನು ಎತ್ತುವರು. ಬತ್ತ ಕೊಯ್ದ ಮೇಲೆ ಉಳಿದ ತೇವಕ್ಕೆ ಕಡಲೆಯನ್ನೋ ಅಲಸಂದಿಯನ್ನೋ ಚೆಲ್ಲುವರು. ಅರ್ಧ ಮಳೆಯನ್ನೂ ಅರ್ಧ ಕೆರೆಯನ್ನೂ ನಂಬಿದ ಈ ಪದ್ಧತಿಗೆ ಮೂರು ವಸ್ತುಗಳು ಬೇಕು: ಮಟ್ಟಕ್ಕೆ ತಕ್ಕ ಬದು, ತುಂಬುವ ಕೆರೆ, ಕೆರೆಯನ್ನು ತುಂಬಿಸುವ ಮೇಲಿನ ಹುಲ್ಲುನೆಲ. ಧಾರವಾಡದ ಹತ್ತರದ ಮುಗದದ ಬತ್ತದ ಸಂಶೋಧನಾ ಕೇಂದ್ರವು ಈ ಕೂರಿಗೆ ಬತ್ತಕ್ಕಾಗಿ ಬಹುಕಾಲ ಪ್ರಯೋಗಗಳನ್ನು ನಡೆಯಿಸಿದೆ. ಒಳ್ಳೆಯ ಬೀಜವು ಕೇಂದ್ರದಿಂದ ಬರಬಹುದು. ಬದುವೂ ಹುಲ್ಲುನೆಲವೂ ಎಲ್ಲಿಂದಲೂ ಬರಲಾರವು.

ಊರುಗಳು ಅಳಿಯುವದು ಹೊಸ ಸಂಗತಿಯಲ್ಲವೆಂದು ಕೆಲವರು ಹೇಳಬಹುದು. ಅದು ನಿಜ. ಕಂದಾಯದ ದಫ್ತರದಲ್ಲಿ ಹೆಸರಿದ್ದು, ಪ್ರತ್ಯೇಕ ಸೀಮೆಯಿದ್ದು, ಸರ್ವೆ ನಂಬರುಗಳಿದ್ದು, ಒಂದು ಒಲೆಯ ಹೊಗೆಯೂ ಏಳದಂಥ ಗ್ರಾಮಗಳು ಈ ತಾಲೂಕುಗಳಲ್ಲಿ ಉಂಟು. ಅವುಗಳಿಗೆ ಬೇಚಿರಾಕ ಗ್ರಾಮಗಳೆನ್ನುವರು. ದೀಪವಿಲ್ಲದ್ದು ಎಂಬುದೇ ಆ ಪಾರಸಿ ಮಾತಿನ ಅರ್ಥ. 1791-92ರ ಡೋಗಿ ಬರ, 1876-78ರ ಧಾತು ಈಶ್ವರ ಸಂವತ್ಸರಗಳ ಬರ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಪ್ಲೇಗು, ಇವೆಲ್ಲ ಈ ನಾಡನ್ನು ಬರಿದು ಮಾಡಿದ ಉತ್ಪಾತಗಳು. ಅರೆಮಲೆನಾಡಿನಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಚಳಿಜ್ವರವು ಜನರನ್ನು ಓಡಿಸಿತು. 1946ರ ಸುಮಾರಿಗೆ ಮುಂಬಯಿ ಸರಕಾರವು ಧಾರವಾಡ ಮತ್ತು ಕಾರವಾರ ಜಿಲ್ಲೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಕೈಕೊಂಡ ಮೇಲೆಯೇ ಆ ಪಿಡುಗು ಇಳಿಮುಖವಾಯಿತು. ಹಳೆಯ ಕಾಲದ ಸಣ್ಣ ಊರನ್ನು ಸ್ವರ್ಗವೆಂದು ವರ್ಣಿಸುವವರು ಡೊಳ್ಳುಹೊಟ್ಟೆಯ ಆ ಮಕ್ಕಳನ್ನು ಮರೆಯಬಾರದು; ಊರ ಹೊರಗಿನ ಕೇರಿಗೆ ಬಾವಿಯನ್ನು ಮುಟ್ಟಗೊಡದಿದ್ದ ಕ್ರಮವನ್ನೂ ಮರೆಯಬಾರದು. ಹೋದವರು ಸುಮ್ಮನೆ ಹೋಗಲಿಲ್ಲ. ಅವರನ್ನು ಮರಳಿ ಕರೆಯಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ.

ಆದರೆ ಅಂಥ ಹಾಳೂರುಗಳಲ್ಲಿ ಏನು ಉಳಿಯಿತೆಂಬುದು ವಿಚಾರಮಾಡತಕ್ಕ ಮಾತು. ಮಣ್ಣಿನ ಗೋಡೆಗಳು ಎರಡೇ ಮಳೆಗಾಲಗಳಲ್ಲಿ ಕರಗಿಹೋದವು. ಉಳಿದವುಗಳೆಂದರೆ ಹನುಮಂತದೇವರ ಒಂದು ಕಟ್ಟೆ, ಎರಡು ವೀರಗಲ್ಲು, ಹುಣಸೆಯ ತೋಪು, ಕೆರೆ ಮತ್ತು ಗದ್ದೆಯ ಬದುಗಳು. ಜನರಿಲ್ಲದಿದ್ದರೂ ನೆರೆಯ ಊರವರು ಆ ಬದುಗಳೊಳಗೆಯೇ ಬಿತ್ತಿದರು, ಆ ಕೆರೆಯಿಂದಲೇ ನೀರು ಹಾಯಿಸಿದರು, ಆ ದೇವರಿಗೇ ವರ್ಷಕ್ಕೊಮ್ಮೆ ಎಡೆ ಹಿಡಿದರು. ಅಂದರೆ ಊರು ಸತ್ತರೂ ಸೀಮೆಯು ಬದುಕಿತ್ತು. ಈಗ ನಡೆದಿರುವದು ಅದಕ್ಕೆ ವಿಪರೀತವಾದದ್ದು. ಊರು ಬದುಕಿದೆ, ಮನೆಗಳಿಗೆ ವಿದ್ಯುದ್ದೀಪ ಬಂದಿದೆ, ಬಾಗಿಲಿಗೆ ಮೋಟಾರು ಬಂದಿದೆ, ಸೀಮೆ ಮಾತ್ರ ಅಳಿಯುತ್ತಲಿದೆ.

ಹಾವೇರಿಯು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಇಂದು ಅದು ರಾಜ್ಯದಲ್ಲಿ ಗೋವಿನಜೋಳದ ದೊಡ್ಡ ಜಿಲ್ಲೆಗಳಲ್ಲೊಂದೆಂದು ಹೆಸರಾಗಿದೆ. ಗೋವಿನಜೋಳವು ಕೆಟ್ಟ ಪೀಕೆಂದು ಹೇಳುವದು ಅನ್ಯಾಯ. ಕಡಿಮೆ ಆಳು, ಬೇಗನೆ ಕೈಗೆ ಬರುವ ರೊಕ್ಕ, ಮನೆಬಾಗಿಲಿಗೆ ಬರುವ ವ್ಯಾಪಾರಿ, ಇವುಗಳನ್ನು ಬಿಟ್ಟು ಒಕ್ಕಲಿಗನು ಅಂತರಸಾಲಿ ಬತ್ತವನ್ನೇ ಬಿತ್ತಬೇಕೆಂದು ಹೇಳಲಿಕ್ಕೆ ಯಾರಿಗೂ ಅಧಿಕಾರವಿಲ್ಲ. ಅಡಿಕೆಯ ಮಾತೂ ಮಾವಿನ ಮಾತೂ ಅದೇ. ಪೀಕು ಪ್ರತಿ ತಲೆಮಾರಿಗೂ ಬದಲಾಗುತ್ತ ಬಂದದ್ದು. ಇಂದು ನಾಡ ಪೀಕೆಂದು ಹೊಗಳುವ ಮೆಣಸಿನಕಾಯಿಯೂ ಒಂದು ಕಾಲಕ್ಕೆ ಕಡಲಾಚೆಯಿಂದ ಬಂದದ್ದೇ. ಕೇಡಿರುವದು ಪೀಕಿನಲ್ಲಲ್ಲ, ಅದರ ಹೆಸರಿನಿಂದ ಭೂಮಿಯ ಎಲುಬನ್ನು ಮುರಿಯುವದರಲ್ಲಿ. ಜೇಸಿಬಿ ಯಂತ್ರಕ್ಕೆ ಒಂದು ದಿನದ ಬಾಡಿಗೆಯನ್ನು ಕೊಟ್ಟರೆ ಐದು ಮಟ್ಟದ ಗದ್ದೆಗಳು ಒಂದೇ ಇಳಿಜಾರು ಹೊಲವಾಗುವವು. ಸಾಲುಗಳು ಇಳಿಜಾರಿನ ಗುಂಟ ಬೀಳುವವು. ಮೊದಲನೆಯ ಬಿರುಮಳೆಗೆ ಮೇಲ್ಮಣ್ಣು ಕೆರೆಯನ್ನು ಸೇರುವದು. ಅತ್ತ ಮೇಲಿನ ಗಾಯರಾಣವು ಬಗರಹುಕುಂ ಸಾಗುವಳಿಗೆ ಹೋಗಿರುವದು. ನೀರು ಬರುವ ಕಾಲುವೆಯ ಮೇಲೆ ಒಂದೊಂದೇ ಸಾಲು ಹೆಚ್ಚಾಗಿ ಕಡೆಗೆ ಕಾಲುವೆಯೇ ಇಲ್ಲವಾಗಿರುವದು. ಕೆರೆಗೆ ಮಣ್ಣು ಬರುತ್ತದೆ, ನೀರು ಬರುವದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳುವದು ಯೋಗ್ಯ. ಗಾಯರಾಣದ ಒತ್ತುವರಿಯ ಮಾತು ಬಂದಾಗ ಬೆರಳು ಯಾವಾಗಲೂ ಭೂಹೀನನ ಒಂದೆಕರೆಯ ಕಡೆಗೇ ತೋರಿಸಲ್ಪಡುತ್ತದೆ. ಆದರೆ ದೊಡ್ಡ ಹಿಡುವಳಿಯವನ ಬೇಲಿಯು ವರ್ಷಕ್ಕೆ ಎರಡು ಮಾರು ನಡೆದರೂ ಅದನ್ನು ಕೇಳುವವರಿಲ್ಲ. ಬೇಲಿಗೆ ಕಾಲು ಬರುವದು ಸಾಮಾನ್ಯವಾಗಿ ದೊಡ್ಡ ಹೊಲದಲ್ಲಿಯೇ. ಗೌಡಿಕೆ, ಕುಲಕರ್ಣಿಕೆಗಳ ವತನಗಳು 1961ರ ಕಾಯದೆಯಿಂದ ರದ್ದಾದವು. ಆದರೂ ಚಾವಡಿಯ ಕಟ್ಟೆಯ ಮೇಲೆ ಹಿರಿಯ ಮನೆತನಗಳ ಮಾತಿಗಿರುವ ತೂಕವು ರದ್ದಾಗಿಲ್ಲ. ಆ ತೂಕವು ಮೊದಲು ತಮ್ಮ ಬೇಲಿಯ ಮೇಲೆ ಬಿದ್ದರೆ ಊರಿನ ಉಳಿದ ಬೇಲಿಗಳು ತಾವಾಗಿಯೇ ಸರಿದುಕೊಳ್ಳುವವು.

ತುಂಗಾ ಮೇಲ್ದಂಡೆಯ ಕಾಲುವೆಯೂ, ನದಿಯ ನೀರನ್ನೆತ್ತಿ ಕೆರೆಗಳನ್ನು ತುಂಬಿಸುವ ಯೋಜನೆಗಳೂ ಈ ಭಾಗಕ್ಕೆ ಬಂದಿರುವದರಿಂದ ಇನ್ನು ಹಳೆಯ ಕಾಲುವೆಗಳ ಗರಜೇನೆಂದು ಕೆಲವು ಜಮೀನುದಾರರು ಕೇಳುವದುಂಟು. ಇದಕ್ಕೆ ಉತ್ತರವನ್ನು 2023ನೆಯ ವರ್ಷವು ಕೊಟ್ಟಿತು. ಆ ವರ್ಷ ರಾಜ್ಯದ 223 ತಾಲೂಕುಗಳನ್ನು ಸರಕಾರವು ಬರಪೀಡಿತವೆಂದು ಸಾರಬೇಕಾಯಿತು. ನದಿಯೇ ಸೊರಗಿದಾಗ ಕೊಳವೆಯು ಏನನ್ನು ತಂದೀತು? ಊರಿನ ಮೇಲೆ ಬಿದ್ದ ಮಳೆಯನ್ನು ಊರ ಕೆರೆಗೆ ತರುವ ದಾರಿಯಿದ್ದವನಿಗೆ ಕೊಳವೆಯ ನೀರು ಲಾಭದ ಮೇಲಿನ ಲಾಭ; ಅದಿಲ್ಲದವನಿಗೆ ಪರಾಧೀನತೆ.

ಸಣ್ಣ ವಸತಿಗಳ ವಿಷಯದಲ್ಲಿ ಇನ್ನೊಂದು ಪ್ರಕಾರವನ್ನು ಕಾಣಿಸಬೇಕಾಗಿದೆ. ಅಡವಿಯ ಅಂಚಿನ ಗೌಳಿಗರ ದೊಡ್ಡಿಗಳು, ಲಂಬಾಣಿಗರ ತಾಂಡಾಗಳು ಹಳೆಯ ಮೋಜಣಿಯ ಕಾಲಕ್ಕೆ ಊರುಗಳೆಂದು ಗಣಿಸಲ್ಪಡಲಿಲ್ಲ. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದ ನಡೆದ ಮುಂಬಯಿಯ ಮೋಜಣಿಯು ಪ್ರತಿಯೊಂದು ಹೊಲಕ್ಕೆ ನಂಬರನ್ನೂ ಬಾಂದಗಲ್ಲನ್ನೂ ಕೊಟ್ಟಿತು. ಹೊಲವಿಲ್ಲದವನ ಹಟ್ಟಿಗೆ ಏನನ್ನೂ ಕೊಡಲಿಲ್ಲ. ಈಚೆಗೆ ತಾಂಡಾಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕ್ರಮವು ನಡೆದಿರುವದು ಸಂತೋಷದ ಸಂಗತಿ. ದನಗಳನ್ನು ಮೇಯಿಸುತ್ತ ಹುಲ್ಲುಗಾವಲನ್ನು ಹುಲ್ಲುಗಾವಲಾಗಿ ಉಳಿಸಿದವರಲ್ಲಿ ಗೌಳಿಗರಿಗೆ ಮೊದಲ ಸ್ಥಾನವಿದೆ. ಊರಿನ ಪರಂಪರೆಯ ಲೆಕ್ಕದಲ್ಲಿ ಅವರ ದೊಡ್ಡಿಯನ್ನು ಸೇರಿಸದಿದ್ದರೆ ಆ ಲೆಕ್ಕವೇ ತಪ್ಪು.

ಇಂಥ ಸಾಗುವಳಿಯ ಭೂಮಿಯನ್ನೇ ಪರಂಪರೆಯೆಂದು ಮನ್ನಿಸುವ ರೂಢಿಯು ಹೊರಗಿನ ಲೋಕದಲ್ಲಿ ಈಗ ಬೇರೂರಿದೆ. ಫಿಲಿಪೈನ್ಸ ದೇಶದ ಇಫುಗಾವೊ ಪ್ರಾಂತದ ಮೆಟ್ಟಿಲುಗದ್ದೆಗಳನ್ನು ಯುನೆಸ್ಕೊ ಸಂಸ್ಥೆಯು 1995ರಲ್ಲಿ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಆದರೆ 2001ರಲ್ಲಿ ಅವುಗಳನ್ನು ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಹಾಕಬೇಕಾಯಿತು, 2012ರ ವರೆಗೆ ಅವು ಅಲ್ಲಿಯೇ ಇದ್ದವು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಗದ್ದೆ ಉಳಿಯುವದಿಲ್ಲವೆಂಬುದು ಅದರಿಂದ ತಿಳಿಯುವ ಮಾತು. ಭಾರತದಲ್ಲಿ ಒಡಿಶಾದ ಕೋರಾಪುಟವೂ ಕೇರಳದ ಕುಟ್ಟನಾಡೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘದಿಂದ ಕೃಷಿಪರಂಪರೆಯ ಸ್ಥಳಗಳೆಂದು ಮನ್ನಣೆ ಪಡೆದಿವೆ. ಹಾನಗಲ್ಲಿನ ಕೆರೆಸಾಲಿಗೆ ಅಂಥ ಮನ್ನಣೆ ಬರಲಿ ಬಾರದಿರಲಿ, ಅದಕ್ಕಾಗಿ ಕಾಯುತ್ತ ಕೂಡ್ರುವ ಅವಶ್ಯವಿಲ್ಲ.

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿಯ ಬದಿಗೆ ಹಳ್ಳಿಯ ಜೀವನವನ್ನು ಮೂರ್ತಿಗಳಲ್ಲಿ ತೋರಿಸಿದ ಉದ್ಯಾನವೊಂದಿದೆ. ಜನರು ದೂರದಿಂದ ಬಂದು, ಟಿಕೇಟು ಕೊಂಡು, ಹಳ್ಳಿಯ ಒಕ್ಕಲಿಗನ ಹಳೆಯ ದಿನಚರಿಯನ್ನು ಮಕ್ಕಳಿಗೆ ತೋರಿಸುವರು. ಅದೇ ಗ್ರಾಮದಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವೂ ಇದೆ. ಇವೆರಡೂ ಪ್ರಶಂಸೆಗೆ ಪಾತ್ರವಾದವುಗಳೇ. ಆದರೆ ಅಲ್ಲಿಂದ ಹತ್ತಾರು ಮೈಲು ಪಶ್ಚಿಮಕ್ಕೆ ನಿಜವಾದ ಕೂರಿಗೆಯು ನಿಜವಾದ ಗದ್ದೆಯಲ್ಲಿ ಇನ್ನೂ ನಡೆಯುತ್ತಿರುವಾಗ, ಅದನ್ನು ನಡೆಯಿಸುವವನಿಗೆ ತಾನೊಂದು ನೋಡತಕ್ಕ ವಸ್ತುವನ್ನು ಕಾಯ್ದುಕೊಂಡಿರುವೆನೆಂಬ ಅರಿವು ಇಲ್ಲದಿರುವದು ವಿಷಾದಕರ.

ಕಾಯದೆಯ ಆಧಾರವೂ ಇಲ್ಲದಿಲ್ಲ. 1964ರ ಭೂಕಂದಾಯ ಕಾಯದೆಯು ಊರ ದನಗಳ ಮೇವಿಗಾಗಿ ಭೂಮಿಯನ್ನು ಕಾಯ್ದಿಡಲು ಅವಕಾಶವನ್ನು ಕೊಡುತ್ತದೆ. 2002ರ ಜೀವವೈವಿಧ್ಯ ಕಾಯದೆಯ ಪ್ರಕಾರ ಪ್ರತಿಯೊಂದು ಪಂಚಾಯತಿಯಲ್ಲಿ ಒಂದು ಸಮಿತಿಯಿರತಕ್ಕದ್ದು, ಅದು ಊರಿನ ಬೀಜ, ಮರ, ದನ, ಕೆರೆ ಇವುಗಳ ದಾಖಲೆಯನ್ನು ಬರೆದಿಡತಕ್ಕದ್ದು. 2020ರಿಂದ ನಡೆದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಯಂತ್ರಗಳು ಗಾಂವಠಾಣದ ಮನೆಗಳ ನಕಾಶೆಯನ್ನು ಬರೆಯುತ್ತಿವೆ. ಆದರೆ ಮೇಲಿನಿಂದ ನೋಡುವ ಯಂತ್ರಕ್ಕೆ ಹೆಸರು ತಿಳಿಯದು. ಈ ಹೊಲವು ಕಣದ ಹೊಲ, ಆ ತಗ್ಗು ಹುಲಿಕಟ್ಟೆ, ಈ ದಾರಿ ಎಲೆತೋಟದ ಬಂಡಿದಾರಿ ಎಂಬುದು ಊರಿನ ಮುದುಕರಿಗೆ ಮಾತ್ರ ತಿಳಿದ ಸಂಗತಿ. ಹೆಸರು ಹೋದ ಮೇಲೆ ದಾರಿಯು ದಾರಿಯಾಗಿತ್ತೆಂದು ಕೋರ್ಟಿನಲ್ಲಿ ಸಿದ್ಧಮಾಡುವದು ಎಷ್ಟು ಕಷ್ಟವೆಂಬುದನ್ನು ವ್ಯಾಜ್ಯ ನಡೆಯಿಸಿದ ಮನೆತನಗಳು ಬಲ್ಲವು.

ಇದಕ್ಕೆ ಖರ್ಚಿನ ಕೆಲಸವೇನೂ ಇಲ್ಲ. ಸೀಗೆ ಹುಣ್ಣಿಮೆಯ ದಿನ ಒಕ್ಕಲಿಗರು ಕುಟುಂಬಸಮೇತವಾಗಿ ಹೊಲಕ್ಕೆ ಹೋಗಿ, ಪೈರನ್ನು ಪೂಜಿಸಿ, ಚರಗ ಚೆಲ್ಲುತ್ತ ಬದುವಿನ ಗುಂಟ ತಿರುಗುವ ಪದ್ಧತಿಯು ಇನ್ನೂ ನಿಂತಿಲ್ಲ. ಎರೆಯ ಊರುಗಳಲ್ಲಿ ಎಳ್ಳಮಾಸಿಗೆ ಹೀಗೆಯೇ ಮಾಡುವರು. ಅಂದು ಎಲ್ಲರೂ ಸೀಮೆಯಲ್ಲಿಯೇ ಇರುವರು, ಮುದುಕರೂ ಬಂಡಿಯಲ್ಲಿ ಬಂದಿರುವರು. ಗೌಡರ ಮನೆಯವರೂ ಪಂಚಾಯತಿಯ ಅಧ್ಯಕ್ಷರೂ ಆ ದಿನ ತಮ್ಮ ಚರಗವನ್ನು ಸ್ವಲ್ಪ ದೂರ ಒಯ್ದು, ಕೋಡಿಯಿಂದ ಗಾಯರಾಣದ ಮೇಲಿನ ಅಂಚಿನ ವರೆಗೆ ಕೆರೆಯ ಕಾಲುವೆಯ ಗುಂಟ ನಡೆಯಬೇಕು. ಗ್ರಾಮ ಲೆಕ್ಕಿಗನು ನಕಾಶೆಯನ್ನು ಹಿಡಿದು ಜೊತೆಗಿರಬೇಕು. ಶಾಲೆಯ ಹುಡುಗನೊಬ್ಬನು ಮುದುಕರ ಬಾಯಿಂದ ಬಂದ ಹೆಸರುಗಳನ್ನು ಬರೆದುಕೊಳ್ಳಬೇಕು. ಹಾಳೂರಿನ ಸೀಮೆಯು ಯಾವ ಊರಿಗೆ ಹತ್ತಿದೆಯೋ ಆ ಊರವರು ಅಲ್ಲಿಯೂ ತಿರುಗಬೇಕು. ಬಾಂದಗಲ್ಲು ಬಿದ್ದಲ್ಲಿ ಅಂದೇ ಗುರುತು ಮಾಡಿ, ಹಿಂಗಾರಿ ಬಿತ್ತನೆಯ ಗಡಿಬಿಡಿ ಮುಗಿದ ಮೇಲೆ ಮೋಜಣಿ ಕಚೇರಿಗೆ ಅರ್ಜಿಯನ್ನು ಕೊಡಬೇಕು. ಕಾಲುವೆಯನ್ನು ಬಿಡಿಸುವ ಕೆಲಸವು ಬೇಸಿಗೆಯದು. ರೋಹಿಣಿ ಮಳೆಯೊಳಗಾಗಿ ಅದು ಮುಗಿದಿರತಕ್ಕದ್ದು.